ಕುಂಟದ ಚಪರಾಸಿ

ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿ ಬಿದ್ದಿದ್ದರೆ, ಕೆಂಬಾಳೆಗೆ ಹೆಸರಾದ ಕಮಲಾಪುರದವನಿಗೆ ಅದೊಂದು ಮರ್ಯಾದೆಯ ಮಾತಾಗುತ್ತಿತ್ತು. ಅಣವೀರಪ್ಪ ಬಿದ್ದದ್ದು ತನ್ನ ಮನೆಯ ಹೊಸ್ತಿಲನ್ನೇ ಎಡವಿ. ಕಾಲಿನ ಹರಡು ಮುರಿಯಿತು. ಊರಲ್ಲಿ ಎಲುಬು ಕೂಡಿಸುವ ಮಾಳಮ್ಮ ತತ್ತಿಯ ಬಿಳಿ ಬಳಿದು, ಬಿದಿರಿನ ದಬ್ಬೆ ಕಟ್ಟಿ ಎಲುಬನ್ನೇನೋ ಕೂಡಿಸಿದಳು. ನೋವು ಮಾತ್ರ ಉಂಡರೂ ಏಳದ ಬೀಗನ ಹಾಗೆ ಅಲ್ಲೇ ಕೂತಿತು. ಮಾತಾಡಿಸಲು ಬಂದವರೆಲ್ಲ "ಇಲ್ಲೇ ನೋಯ್ತದೇನು?" ಎಂದು ಸರಿಯಾಗಿ ಅಲ್ಲೇ ಒತ್ತಿ ಹೋದರು, ಪುಣ್ಯಾತ್ಮರು!

ಅಣವೀರಪ್ಪ ಊರಿಂದ ಇಪ್ಪತ್ತು ಮೈಲಿಗೂ ಆಚೆಯ ಕಲಬುರಗಿಯ ಕಚೇರಿಯಲ್ಲಿ ಸಾಹೇಬರಿಗೆ ಕೊಡೆ ಹಿಡಿಯುವ ಚಪರಾಸಿ. ರಜೆ ಮುಗಿಸಿ ಮರಳಿದ ದಿನ ಚಪರಾಸಿಗಳ ಜಮಾದಾರ ಲಾಲ್ ಅಹ್ಮದ್ ಅವನನ್ನು ಬಾಗಿಲಲ್ಲೇ ತಡೆದ.

"ಅಣವೀರಪ್ಪಾ, ಇದೇನೋ ಕುಂಟಾಕತ್ತಿ? ಹೊಸ ಸಾಹೇಬ್ರು ಬಂದಾರ. ಅವರೂ ಕುಂಟ್ತಾರ!"

"ಹೌದೇನ್ರಿ? ಪಾಪ! ಹಂಗಾರ ನನ್ನ ನೋವು ಅವರಿಗೆ ತಿಳೀತದ ಬಿಡ್ರಿ."

"ಏನ್ ತಿಳೀತದ, ಮಣ್ಣು! ನೀ ಕೊಡಿ ಹಿಡಕೊಂಡು ಅವರ ಹಿಂದ ನಡಿಯಾವ. ಮುಂದ ಅವರು ಕುಂಟ್ತಾರ, ಹಿಂದ ನೀ ಕುಂಟ್ತಿ. ಚಪರಾಸಿ ಸಾಹೇಬ್ರನ್ನ ಅಣಕಸಾಕತ್ತಾನ ಅಂತಾರ ಮಂದಿ. ನೌಕರಿ ಖಲಾಸ್!"

ಅಣವೀರಪ್ಪ ತನ್ನ ಕಾಲನ್ನೊಮ್ಮೆ ನೋಡಿಕೊಂಡ. ಊರಲ್ಲಿ ಹೆಂಡತಿ ಸೂಗಮ್ಮ, ಮಕ್ಕಳು. ಅವರ ಹೊಟ್ಟೆ ತುಂಬುವುದು ಈ ಕೊಡೆಯಿಂದಲೇ. ನಿಜಾಮರ ಸರಕಾರದ ನೌಕರಿ ಹೋದರೆ ಮರಳಿ ಸಿಗುವುದುಂಟೇ?

ಗುಮಾಸ್ತ ಸೂರ್ಯಕಾಂತ ಮರುಗಿ, ನೋಯುವ ಕಾಲಿನ ಜೋಡಿನೊಳಗೆ ಹತ್ತಿ ತುರುಕಿದ. ಆ ಕಾಲು ಉದ್ದವಾಯಿತು. ಸರಿದೂಗಿಸಲು ಇನ್ನೊಂದರಲ್ಲೂ ತುರುಕಿದ. ಲಾಲ್ ಅಹ್ಮದ್ ತನ್ನ ಹಳೆಯ ರುಮಾಲು ಹರಿದು ಹರಡಿಗೆ ಎಳೆದೆಳೆದು ಕಟ್ಟಿದ. ಬೆರಳುಗಳು ಇವೆಯೋ ಇಲ್ಲವೋ ಎಂಬುದೇ ಅಣವೀರಪ್ಪನಿಗೆ ತಿಳಿಯದಾಯಿತು.

"ಹಲ್ಲು ಕಚ್ಚಿ ನಡಿ," ಎಂದ ಜಮಾದಾರ. "ಮುಖದ ಮ್ಯಾಲ ನಗಿ ಇರಲಿ."

ಸಾಹೇಬರಿಗೆ ಅಂದೇ ಬಜಾರು ನೋಡುವ ಮನಸ್ಸಾಗಬೇಕೇ! ದರ್ಗಾ ಇರುವ ರೋಜಾದವರೆಗೂ ಹೊರಟರು. ಅವರು ಮುಂದೆ ಕುಂಟುತ್ತ, ಅಣವೀರಪ್ಪ ಹಿಂದೆ ಸೆಟೆದು, ಬಿಸಿಲಲ್ಲಿ ಬೆವರುತ್ತ, ಹಲ್ಲು ಕಿಸಿಯುತ್ತ ನಡೆದ. ಒಂದೊಂದು ಹೆಜ್ಜೆಗೂ ಜೀವ ಬಾಯಿಗೆ ಬರುತ್ತಿತ್ತು. ಆದರೂ ಕುಂಟಲಿಲ್ಲ, ಗಂಡುಮಗ.

ಅತ್ತರದಂಗಡಿಯ ನಬಿಸಾಬ್ ಹಳೆಯ ಪರಿಚಯದವ. ಕಂಡದ್ದೇ ಕೂಗಿದ. "ಅಣವೀರಪ್ಪಾ! ಮುರದ ಕಾಲು ಹ್ಯಾಂಗದೋ?"

"ಯಾವ ಕಾಲು? ಯಾರ ಕಾಲು?" ಎಂದ ಅಣವೀರಪ್ಪ, ಗಾಬರಿಯಲ್ಲಿ.

"ನಿಂದೇ! ಇಲ್ಲೇ ಅಲ್ಲೇನು ನೋಯ್ತಿದ್ದದ್ದು?" ನಬಿಸಾಬ್ ಅಂಗಡಿ ಇಳಿದು ಬಂದು, ಬಗ್ಗಿ ಒತ್ತಿಯೇಬಿಟ್ಟ. ಅಣವೀರಪ್ಪನ ಕಣ್ಣಲ್ಲಿ ನೀರು ಬಂತು. ನಗು ಮಾತ್ರ ಹಾಗೇ ಇತ್ತು.

ಸಾಹೇಬರು ತಿರುಗಿ ನಿಂತರು. ಅವರದು ಅರ್ಧ ಉರ್ದುವಿನ ಕನ್ನಡ.

"ಅರೇ! ನಿಂದೂ ಹರಡು ಮುರದಿತ್ತಾ? ಮತ್ತೆ ಸಿಪಾಯಿ ಹಂಗ ಸೀದಾ ನಡೀತಿ! ನಾನು ಹೈದರಾಬಾದಿನ ಹಕೀಮರು, ಡಾಕ್ಟರು, ಎಲ್ಲರಿಗೂ ತೋರಿಸ್ದೆ. ರಾತ್ರಿ ನಿದ್ದಿ ಇಲ್ಲ ಮಿಯಾ, ಅಷ್ಟು ನೋವು. ನೀ ಏನು ಇಲಾಜು ಮಾಡ್ದಿ? ಸಚ್ ಬೋಲ್."

ಸತ್ಯ ನಾಲಗೆಯ ತುದಿಗೆ ಬಂದಿತ್ತು. ಆದರೆ ಇಷ್ಟು ದೂರ ಕುಂಟದೆ ಬಂದವನು ಈಗ ನೌಕರಿ ಕಳೆದುಕೊಳ್ಳುವುದೇ?

"ಏನಿಲ್ರಿ ಹುಜೂರ್. ಕಮಲಾಪುರದ ಮಾಳಮ್ಮ ದಬ್ಬಿ ಕಟ್ಟಿದಳು. ಆಮ್ಯಾಲ ದಿನಾ ನಡದೆ ನೋಡ್ರಿ. ನಡದಂಗ ನಡದಂಗ ನೋವು ಓಡಿ ಹೋಯ್ತು."

ಸಾಹೇಬರ ಮುಖ ಅರಳಿತು. ಚಪರಾಸಿಯ ಹೆಗಲ ಮೇಲೆ ಕೈಯನ್ನೇ ಇಟ್ಟುಬಿಟ್ಟರು.

"ಶಾಬಾಶ್! ಇಷ್ಟು ದಿನ ಈ ಮಾತು ನನಗ ಯಾರೂ ಹೇಳ್ಲಿಲ್ಲ. ಇನ್ನ ದಿನಾ ಬೆಳಿಗ್ಗೆ ನಾವಿಬ್ಬರೂ ನಡಿಯೋಣ. ನಾಳೆ ಶುಕ್ರವಾರ, ಜುಮ್ಮಾ, ಕಚೇರಿಗೆ ಸೂಟಿ. ನಾಳೆ ಕಮಲಾಪುರಕ್ಕೇ ಹೋಗಿ ಆ ಮಾಳಮ್ಮಗ ಕಾಲು ತೋರಿಸೋಣ. ಟಾಂಗಾ ಬ್ಯಾಡ, ಪೈದಲ್, ನಡಕೋತನೇ! ದೂರ ಇಲ್ಲಲ್ಲ?"

ಅಣವೀರಪ್ಪ ಕೊಡೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.

"ಇಲ್ರಿ ಹುಜೂರ್," ಎಂದ, ಅಳು ನುಂಗಿ. "ಇಲ್ಲೇ ಅದ."