ಅತ್ತೆಯವರಿಗೊಂದು ಮುಸುಕಿನ ಜೋಳ

ಅತ್ತೆ ಗೌರಮ್ಮನವರು ಕೇಳಿದ್ದು ಒಂದೇ ಒಂದು ಮುಸುಕಿನ ಜೋಳ. ಅಳಿಯ ಶ್ರೀಹರ್ಷನ ಭಾನುವಾರಕ್ಕೆ ಬೆಂಕಿ ಬೀಳಲು ಅಷ್ಟು ಸಾಕಾಯಿತು.

ಅವರು ಸಮುದ್ರದಾಚೆಯ ಸಮರ್‌ಸೆಟ್‌ನ ಮಗಳ ಮನೆಗೆ ಬಂದು ಐದು ತಿಂಗಳಾಗಿತ್ತು. ಮಡಿಯ ಹೆಂಗಸು, ಹೊರಗೆ ಒಂದು ತುತ್ತು ಮುಟ್ಟಿದವರಲ್ಲ. ಮಂಗಳವಾರ ಊರಿಗೆ ವಿಮಾನ. "ಕುದುರೆ ಓಡೋದು ನೋಡ್ತಾ ಕೆಂಡದಲ್ಲಿ ಸುಟ್ಟ ಒಂದು ಜೋಳ ತಿಂದ್ರೆ ನನ್ನ ಯಾತ್ರೆ ಮುಗೀತು ಅಳಿಯಂದ್ರೇ," ಎಂದಿದ್ದರು. ಬಾಯಿಬಿಟ್ಟು ಕೇಳಿದ್ದು ಅದೊಂದೇ. ತನ್ನ ಕೈಯಾರೆ ಸುಟ್ಟು ತಿನ್ನಿಸಿಯೇ ಕಳಿಸುವೆನೆಂದು ಶ್ರೀಹರ್ಷ ದೇವರ ಮುಂದೆ ನಿಂತು ನಿಶ್ಚಯಿಸಿಕೊಂಡ.

ಕುದುರೆ ರೇಸಿನ ಟ್ರ್ಯಾಕಿನ ಪಕ್ಕದ ಮರಗಳ ಕೆಳಗೆ, ಬಂದವರೆಲ್ಲ ಬಳಸುವ, ಇದ್ದಿಲು ಹಾಕಿ ಸುಡುವ ಕಬ್ಬಿಣದ ಗ್ರಿಲ್‌ಗಳಿದ್ದವು. ಭಾನುವಾರ ಗೇಟು ತೆರೆಯುತ್ತಲೇ ಓಡಿಹೋಗಿ ಒಂದನ್ನು ಹಿಡಿದ. ಹೋದ ವಾರದ ಮಾಂಸದ ಜಿಡ್ಡನ್ನು ಅರ್ಧ ಗಂಟೆ ಉಜ್ಜಿ, ಮೂರು ಸಲ ತೊಳೆದು, ಅರಿಶಿನದ ನೀರು ಚಿಮುಕಿಸಿದ. ಆಮೇಲೆ, ಬಸ್ಸಿನ ಕಿಟಕಿಯಿಂದ ಸೀಟು ಹಿಡಿಯುವ ಹಾಗೆ, ಅದರ ಮೇಲೊಂದು ಬಿಳಿ ಟವೆಲ್ ಹಾಸಿ ಅತ್ತೆಯವರನ್ನು ಕಾರಿನಿಂದ ಕರೆತರಲು ಹೋದ.

ಅವರೊಂದಿಗೆ ಬಂದು ನೋಡಿದರೆ ಟವೆಲ್ ಅಚ್ಚುಕಟ್ಟಾಗಿ ಮಡಿಸಿಕೊಂಡು ಬೆಂಚಿನ ಮೇಲೆ ಕೂತಿತ್ತು. ಗ್ರಿಲ್ಲಿನಲ್ಲಿ ಕೆಂಡ ನಿಗಿನಿಗಿ. ಅದರ ಮೇಲೆ ನಾಲ್ಕು ಮಾಂಸದ ಸಾಸೇಜುಗಳು ಚುರುಗುಟ್ಟುತ್ತಿದ್ದವು. ಪಕ್ಕದ ಗ್ರಿಲ್ಲಿನ ಮುದುಕ ಫ್ರಾಂಕ್ ಟೋಪಿ ಎತ್ತಿ ನಕ್ಕ. ಯಾರೋ ಪಾಪ ಟವೆಲ್ ಬಿಟ್ಟು ಹೋಗಿದ್ದಾರೆ, ಬರುವಷ್ಟರಲ್ಲಿ ಬೆಂಕಿ ಸಿದ್ಧವಿರಲಿ ಎಂದು ತಾನೇ ಹಚ್ಚಿದನಂತೆ. ಸಾಸೇಜು ಅವನ ಉಡುಗೊರೆ. ಶ್ರೀಹರ್ಷ ಅಳುಮುಖದಲ್ಲೇ ಥ್ಯಾಂಕ್ಸ್ ಹೇಳಿ, ಅತ್ತೆಯವರನ್ನು ಟ್ರ್ಯಾಕ್ ಕಾಣುವ ಒಂದು ಬೆಂಚಿನಲ್ಲಿ ಕೂರಿಸಿ ಬಂದ.

ಅದೇ ಹೊತ್ತಿಗೆ ಅವನ ಆಫೀಸಿನ ಜಹಾಂಗೀರ್ ಬಂದ. "ಏನ್ ಹರ್ಷ ಸಾರ್, ಸೋತ ಕುದುರೆ ಥರ ನಿಂತಿದೀರ?"

"ಅತ್ತೆ ಇನ್ನು ಈ ಗ್ರಿಲ್ ಕಡೆ ತಿರುಗಿಯೂ ನೋಡಲ್ಲ ಕಣ್ರೀ."

"ಅಷ್ಟೇನಾ? ನನ್ ಕಾರಲ್ಲಿ ಹೊಸ ಗ್ರಿಲ್ ಇದೆ, ಇನ್ನೂ ಬಾಕ್ಸಲ್ಲೇ. ಅಮ್ಮನ ಜೋಳದಿಂದಲೇ ಓಪನಿಂಗ್ ಆಗ್ಲಿ!"

ಶ್ರೀಹರ್ಷನ ಕಣ್ಣು ತುಂಬಿ ಬಂತು. ಆದರೆ ಗಾಳಿಗೆ ಇದ್ದಿಲು ಹತ್ತಲಿಲ್ಲ. ಜಹಾಂಗೀರ್ ಬೆಂಕಿ ಹಚ್ಚುವ ಎಣ್ಣೆಯ ಬಾಟಲಿಯನ್ನೇ ಬಗ್ಗಿಸಿದ. ಭಗ್ಗೆಂದ ಜ್ವಾಲೆಗೆ ಶ್ರೀಹರ್ಷನ ಒಂದು ಹುಬ್ಬು ಹೋಯಿತು.

"ಸ್ವಲ್ಪ ಹಾಕಿ ಅಂದ್ರೆ ಅಭಿಷೇಕ ಮಾಡ್ಬಿಟ್ರಲ್ಲ!"

"ಇನ್ನೊಂದು ಹುಬ್ಬು ಇದೆಯಲ್ಲ ಸಾರ್, ದೇವ್ರಿಗೆ ಶುಕ್ರ್ ಅನ್ನಿ."

ಮೊದಲನೆಯ ಜೋಳ ಬೂದಿಗೆ ಬಿತ್ತು. ಎರಡನೆಯದು, ಕುದುರೆ ಓಡಿದವೆಂದು ಅವನು ಆಚೆ ನೋಡಿದಷ್ಟರಲ್ಲಿ ಇದ್ದಿಲಾಯಿತು. ಮೂರನೆಯದು ಮಾತ್ರ ಹೊಂಬಣ್ಣಕ್ಕೆ ತಿರುಗಿ ಕೂತಿತು. ಉಪ್ಪು, ನಿಂಬೆಹಣ್ಣು ಸವರಿ, ನೈವೇದ್ಯದ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ತಿರುಗಿದ.

ಗೌರಮ್ಮನವರು ಫ್ರಾಂಕನ ಬೆಂಚಿನಲ್ಲಿ ಕೂತು ಜೋಳದ ಕೊನೆಯ ಸಾಲು ಬಿಡಿಸಿಕೊಂಡು ತಿನ್ನುತ್ತಿದ್ದರು.

"ಅತ್ತೆ! ಆ ಬೆಂಕೀಲಿ ಮಾಂಸ..."

"ಕಂಡೆ ಕಂಡೆ. ಇವರು ಸಿಪ್ಪೆ ಸಮೇತ ಸುಟ್ಟು, ಮುಟ್ಟದೆ ನನ್ ಮುಂದೆ ಇಟ್ರು. ನಾನೇ ಸುಲಿದುಕೊಂಡೆ. ಸಿಪ್ಪೆ ಅಂದ್ರೆ ಭಗವಂತನೇ ಉಡಿಸಿ ಕಳಿಸಿದ ಮಡಿಸೀರೆ. ಒಳಗಿನ ಕಾಳಿಗೆ ಯಾವ ಮೈಲಿಗೆ? ನೀವು ಬೆಳಗಾಗೆದ್ದು ಎಲ್ಲಾನೂ ಸುಲಿದು ತಂದ್ರಲ್ಲ, ಪಾಪ."

"ಇದೂ ಒಂದು ತಿನ್ನಿ ಅತ್ತೆ, ಹೊಸಾ ಗ್ರಿಲ್‌ದು."

"ಹೊಟ್ಟೆ ತುಂಬಿತಪ್ಪ." ಅವರು ಫ್ರಾಂಕನತ್ತ ಕೈ ಮುಗಿದು "ಅನ್ನದಾತಾ ಸುಖೀಭವ" ಎಂದರು. ಒಂದಕ್ಷರ ತಿಳಿಯದಿದ್ದರೂ ಫ್ರಾಂಕ್ ಟೋಪಿ ತೆಗೆದು ತಲೆ ಬಾಗಿದ. ಆಮೇಲೆ ಗೌರಮ್ಮನವರು ಅಳಿಯನ ಕೈಯ ಜೋಳ ಇಸಿದುಕೊಂಡು, ಅದನ್ನು ಅವನ ಬಾಯಿಗೇ ಹಿಡಿದರು. "ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ ನೀವು. ನನಗೋಸ್ಕರ ಇಷ್ಟು ಒದ್ದಾಡೋ ಅಳಿಯ ಯಾರಿಗೆ ಸಿಗ್ತಾನೆ? ತಿನ್ನಿ."

ಶ್ರೀಹರ್ಷ ಕಚ್ಚಿದ. ಬಾಯಿ ತುಂಬ ಪೆಟ್ರೋಲ್ ಬಂಕಿನ ವಾಸನೆ. ಇದು ಅತ್ತೆಯವರ ನಾಲಗೆಗೆ ಬೀಳದಂತೆ ಕಾಪಾಡಿದೆಯಲ್ಲ ತಂದೆ ಎಂದು ಮನಸ್ಸಿನಲ್ಲೇ ಭಗವಂತನಿಗೆ ಅಡ್ಡಬಿದ್ದ.

"ಹೇಗಿದೆ?"

"ತುಂಬಾ ಚೆನ್ನಾಗಿದೆ ಅತ್ತೆ."

"ಹಾಗಾದ್ರೆ ಒಂದು ಕಾಳೂ ಬಿಡಬಾರದು," ಎಂದು ಗೌರಮ್ಮನವರು ಪಕ್ಕದಲ್ಲೇ ಕೂತರು.