ಕೊನೆಯ ಪ್ರಯೋಗಕ್ಕೆ ತಡೆಯಾಜ್ಞೆ

ವಿಜ್ಞಾನ ಮತ್ತು ಕಾನೂನಿನ ಜೋಡಿ ಪದವಿಯು ಐದು ವರ್ಷದ್ದಾಗಿದ್ದು, ಇದುವರೆಗೆ ಯಾರೂ ಅದನ್ನು ಪಡೆದಿಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ. ಪರೀಕ್ಷಾ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕಡತ ಕಟ್ಟಿರುವ ಗುಮಾಸ್ತನಾಗಿ ನಾನು ಹೇಳುವುದಿಷ್ಟೆ: ಇದರಲ್ಲಿ ಯಾರ ತಪ್ಪೂ ಇಲ್ಲ, ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ.

ದರ್ಜಿಯೊಬ್ಬಳ ಮಗಳು ಪದವಿಯ ಹೊಸ್ತಿಲವರೆಗೆ ಬಂದಿದ್ದಳು. ಎಲ್ಲ ಪತ್ರಿಕೆಗಳೂ ಪಾಸು, ಒಂದೇ ಒಂದು ಪ್ರಯೋಗ ಬಾಕಿ. ಅಪರಾಧ ತನಿಖೆಯ ಪ್ರಯೋಗಾಲಯವೊಂದರಲ್ಲಿ ಕೆಲಸವೂ ಗೊತ್ತಾಗಿತ್ತು. ತಿಂಗಳೊಳಗೆ ಪದವಿ ಪತ್ರ ಕೊಡದಿದ್ದರೆ ಅದು ಬೇರೆಯವರ ಪಾಲು. ಪ್ರಯೋಗವೇನೂ ಘನವಾದದ್ದಲ್ಲ. ಗಾಜಿನ ಕೊಳವೆಯಿಂದ ಕ್ಷಾರವನ್ನು ಹನಿಹನಿಯಾಗಿ ಆಮ್ಲಕ್ಕೆ ಬಿಡಬೇಕು, ಗುಲಾಬಿ ಬಣ್ಣ ಬಂದ ಕೂಡಲೇ ನಿಲ್ಲಿಸಿ ಅಳತೆ ಬರೆಯಬೇಕು.

ಹುಡುಗಿ ಬರೆದಳು. ಜೋಡಿ ಪದವಿಗೆ ಜೋಡಿ ಪರೀಕ್ಷಕರು. ಕಾನೂನಿನ ಮೇಷ್ಟ್ರು ಅಳತೆಯ ಕೆಳಗೆ ‘ತೀರ್ಮಾನವಾಗಿದೆ’ ಎಂದು ಬರೆದು ಮೊಹರು ಒತ್ತಿದರು.

“ಇನ್ನೆರಡು ಸಲ ಮಾಡಮ್ಮ,” ಎಂದರು ವಿಜ್ಞಾನದ ಮೇಷ್ಟ್ರು. “ಮೂರು ಸಲವೂ ಒಂದೇ ಬಂದ್ರೆ ತಾನೇ ಅದು ಉತ್ತರ?”

“ಅದೆಂಗಾಗುತ್ತೆ ಸ್ವಾಮಿ? ಒಂದ್ಸಲ ತೀರ್ಮಾನ ಆದದ್ದನ್ನ ಮತ್ತೆ ಕೆದಕೋ ಹಾಗಿಲ್ಲ. ಐದು ವರ್ಷ ಇವಳಿಗೆ ಅದನ್ನೇ ಪಾಠ ಮಾಡಿದೀನಿ.”

“ನಾನೂ ಐದು ವರ್ಷ ಇದನ್ನೇ ಮಾಡಿದೀನಿ.”

ಎರಡೂ ಪಾಠಗಳಲ್ಲಿ ಪ್ರಥಮ ದರ್ಜೆ ಪಡೆದಿದ್ದ ಹುಡುಗಿ ಎರಡನೇ ಸಲಕ್ಕೆಂದು ಕೊಳವೆಯ ತಿರುಪಿಗೆ ಕೈ ಹಾಕಿದಳು. ಕಾನೂನಿನ ಮೇಷ್ಟ್ರು ಅಲ್ಲೇ ತಡೆಯಾಜ್ಞೆ ಬರೆದರು: ‘ಮುಂದಿನ ಆದೇಶದವರೆಗೆ ಆಮ್ಲ, ಕ್ಷಾರ, ಕೊಳವೆ ಹಾಗೂ ವಿದ್ಯಾರ್ಥಿನಿ ಯಥಾಸ್ಥಿತಿಯಲ್ಲಿರತಕ್ಕದ್ದು.’ ತಿರುಪಿನ ಮೇಲಿದ್ದ ಕೈ ತಿರುಪಿನ ಮೇಲೇ ಉಳಿಯಿತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಕುಲಪತಿಗಳು ಸಮಿತಿ ರಚಿಸಿದರು. ಮೊದಲ ಸಭೆಯ ನಿರ್ಣಯವೇ ಅಂತಿಮವೆಂದು ಕಾನೂನಿನ ಸದಸ್ಯರು ಹಟ ಹಿಡಿದರು. ಮೂರು ಸಭೆ ಮಾಡಿ ನೋಡೋಣ ಎಂದರು ವಿಜ್ಞಾನದವರು. ಮಾಡಿದರು. ಮೊದಲನೆಯದು ಅನುಮತಿ ಕೊಟ್ಟಿತು, ಎರಡನೆಯದು ನಿರಾಕರಿಸಿತು, ಮೂರನೆಯದರಲ್ಲಿ ಕೋರಂ ಇರಲಿಲ್ಲ. ಮೂರರ ಸರಾಸರಿ ತೆಗೆದಾಗ ಉಪಸಮಿತಿಯೊಂದು ಬಂತು.

ಹುಡುಗಿ ದಿನಾ ಹತ್ತಕ್ಕೆ ಬಂದು ತಿರುಪು ಹಿಡಿಯುವಳು, ಐದಕ್ಕೆ ಬಿಡುವಳು. ತಿಂಗಳ ಕೊನೆಗೆ ಅವಳ ತಾಯಿ, ಕೊರಳಲ್ಲಿ ಅಳತೆ ಪಟ್ಟಿ ಹಾಗೆಯೇ ಇದ್ದಂತೆ, ನನ್ನ ಕಿಟಕಿಗೆ ಬಂದಳು.

“ಅಣ್ಣಾ, ನಾಳೆಗೆ ಗಡುವು ಮುಗಿಯುತ್ತೆ. ಹತ್ತು ನಿಮಿಷದ ಕೆಲಸವಂತೆ, ಬಿಟ್ಬಿಡ್ರಪ್ಪ.”

“ಹತ್ತು ನಿಮಿಷದ ಕೆಲಸಕ್ಕೆ ನಮ್ಮಲ್ಲಿ ಅರ್ಜಿ ನಮೂನೆ ಇಲ್ಲ ತಾಯಿ.”

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಪಾಪ ಎನಿಸಿತು. ಅದನ್ನು ನಮೂದಿಸಲು ಕಡತದಲ್ಲಿ ಅಂಕಣವಿರಲಿಲ್ಲ.

ತನಿಖಾ ಪ್ರಯೋಗಾಲಯದ ಕೆಲಸ ಕೈತಪ್ಪಿ ಹೋಯಿತು. ಮರುವರ್ಷ ಲೆಕ್ಕ ತಪಾಸಣೆಯವರು ಆಕ್ಷೇಪಣೆ ಎತ್ತಿದರು: ಈಕೆ ಯಾವ ಹುದ್ದೆಯಲ್ಲಿದ್ದು ತಿರುಪು ಹಿಡಿದಿದ್ದಾಳೆ? ಹುದ್ದೆಯಿಲ್ಲದೆ ಕೆಲಸ ಮಾಡುವುದು ಅಪರಾಧವಾದ್ದರಿಂದ ‘ಯಥಾಸ್ಥಿತಿ ಪಾಲಕಿ’ ಎಂಬ ಹುದ್ದೆ ಸೃಷ್ಟಿಯಾಯಿತು. ಸಂಬಳ, ರಜೆ, ಪಿಂಚಣಿ, ಕೂರಲು ಒಂದು ಸ್ಟೂಲು. ಹಿಂದೆ ‘ಅಷ್ಟು ಓದಿ ಏನಾಯ್ತು’ ಎಂದು ಮೂಗು ಮುರಿದಿದ್ದ ನೆಂಟರು ಈಗ ತಮ್ಮ ಮಕ್ಕಳನ್ನೂ ಜೋಡಿ ಪದವಿಗೆ ಸೇರಿಸಿದರು.

ನಾಲ್ಕನೇ ವರ್ಷ ಇಬ್ಬರು ಮೇಷ್ಟ್ರುಗಳಿಗೂ ನಿವೃತ್ತಿ ಹತ್ತಿರವಾಗಿ, ಅವರು ರಾಜಿಯಾದರು. ಮೂರೂ ಅಳತೆ ಸೇರಿ ಒಂದೇ ತೀರ್ಮಾನವೆಂದು ಒಪ್ಪಿ ಜೋಡಿಯಾಗಿ ಪ್ರಯೋಗಾಲಯಕ್ಕೆ ಬಂದರು. “ತಡೆಯಾಜ್ಞೆ ತೆರವಾಯ್ತು. ಮುಗಿಸಿಬಿಡಮ್ಮ, ಪದವಿ ತಗೋ.”

ಹುಡುಗಿ ಎಡಗೈ ತಿರುಪಿನಿಂದ ತೆಗೆಯದೆ ಬಲಗೈಯಿಂದ ಒಂದು ಅರ್ಜಿ ಮುಂದಿಟ್ಟಳು. ಪ್ರಯೋಗ ಮುಗಿದರೆ ಹುದ್ದೆ ರದ್ದಾಗುವುದರಿಂದ ವಿಚಾರಣೆಯನ್ನು ಮುಂದೂಡಬೇಕೆಂದು ಪ್ರಾರ್ಥನೆ.

“ಎಷ್ಟು ದಿನ ಬೇಕಮ್ಮ?” ಎಂದು ಕಡತ ಹಿಡಿದು ಅವರ ಜೊತೆಗೆ ಬಂದಿದ್ದ ನಾನು ಕೇಳಿದೆ.

“ಇಪ್ಪತ್ತೊಂಬತ್ತು ವರ್ಷ ಸಾಕು ಸಾರ್. ಆಮೇಲೆ ನಂಗೂ ನಿವೃತ್ತಿ.”

ಯಾರಿಂದಲೂ ತಕರಾರು ಬರಲಿಲ್ಲವಾಗಿ ಮಂಜೂರು ಮಾಡಲಾಯಿತು.