ಪುಡಿ ಖೋಲಿಯ ಭಂಡಾರ

ಎರಡನೇ ಮಹಾಯುದ್ಧದ ಕಾಲದಲ್ಲಿ ಪುಣೆಯ ಹೊರಗಿದ್ದ ಮದ್ದುಗುಂಡಿನ ಕಾರ್ಖಾನೆಯೊಂದರಲ್ಲಿ ಯಾವ ಕೆಲಸಗಾರನಿಗೂ ಕಾಯಿಲೆ ಇರಲಿಲ್ಲ. ಶತ್ರುವಿಗೆ ತಿಳಿಯಬಾರದೆಂದು ಕಾರ್ಖಾನೆಯ ಹೆಸರನ್ನು ಗುಟ್ಟಾಗಿ ಇಟ್ಟಿದ್ದರು; ಕಾಯಿಲೆಗಳ ಹೆಸರನ್ನೂ ಅದೇ ಕಾರಣಕ್ಕೆ.

ಧಾರವಾಡದ ಕಡೆಯ ಮಲಕಪ್ಪ ಅಲ್ಲಿ ಬಾಂಬುಗಳಿಗೆ ಹಳದಿ ಪುಡಿ ತುಂಬುವ ಖೋಲಿಯಲ್ಲಿ ದುಡಿಯುತ್ತಿದ್ದ. ವರ್ಷ ತುಂಬುವುದರೊಳಗೆ ಅವನ ಅಂಗೈ, ಉಗುರು, ಕಣ್ಣು ಎಲ್ಲ ಹಳದಿಯಾದವು. ದಸರೆಯಲ್ಲಿ ಕಾಲಿಗೆ ತಗಡು ಗೀರಿದ ಗಾಯ ಸಂಕ್ರಾಂತಿಗೂ ಹಸಿಯಾಗಿತ್ತು. ಪಕ್ಕದವರು ಸೀನಿದರೆ ಇವನಿಗೆ ಜ್ವರ. ಹೆಂಡತಿ ಕಾಶವ್ವ ಹಟ ಹಿಡಿದಳು: "ಆ ಪುಡಿ ಬಿಡ್ರಿ. ಪೆಟ್ಟಿಗಿ ಕಟ್ಟೋ ಖಾತೆಗೆ ಹಾಕ್ರಿ ಅಂತ ಕೇಳ್ರಿ. ಹಿಂಗಾದ್ರ ನೀವು ಉಳಿಯಂಗಿಲ್ಲ."

ಕಾರ್ಖಾನೆಯ ಡಾಕ್ಟರು ದಿಗಂಬರರಾಯರು ನಮ್ಮ ಕಡೆಯವರೇ. ತೋರಿಸಲು ಬಂದ ಮಲಕಪ್ಪನ ಅಂಗೈ ನೋಡಿ ಒಂದೇ ಪ್ರಶ್ನೆ ಕೇಳಿದರು: "ಜೇಜುರಿ ಖಂಡೋಬಾನ ಗುಡ್ಡಕ್ಕ ಹೋಗಿದ್ಯೇನು?"

ದೇವರ ವಿಷಯದಲ್ಲಿ ಸುಳ್ಳು ಹೇಳುವುದುಂಟೆ? "ಹೌದ್ರಿ, ಸೋಮವತಿ ಅಮಾಸಿಗೆ. ಎಲ್ಲಾರೂ ಖಂಡೋಬಾಗ ಭಂಡಾರದ ಅರಿಷಿಣ ತೂರಿದ್ರು, ಮೈತುಂಬ ಅದ ಆಗಿತ್ತು."

"ಮತ್ತೇನು! ಇದು ರೋಗ ಅಲ್ಲ, ಭಕ್ತಿ."

ಮರುದಿನವೇ ಪ್ರಕಟಣೆ ಹೊರಟಿತು: "ಪುಡಿ ಖೋಲಿಯವರ ಹಳದಿ ಬಣ್ಣವು ಭಕ್ತಿಜನ್ಯವಾಗಿದ್ದು, ಧಾರ್ಮಿಕ ವಿಷಯಗಳಲ್ಲಿ ಆಡಳಿತವು ಕೈಹಾಕತಕ್ಕದ್ದಲ್ಲ." ಜೇಜುರಿಯನ್ನೇ ಕಾಣದವರೂ ಕೆಲವರು ಹಳದಿಯಾಗಿದ್ದರು. ಅವರನ್ನು ಭಾನುವಾರ ಲಾರಿಯಲ್ಲಿ ಒಯ್ದು ದರ್ಶನ ಮಾಡಿಸಿ, ದಾಖಲೆ ಸರಿಪಡಿಸಲಾಯಿತು.

ಕಾಶವ್ವ ಹೆಡ್ ಕ್ಲಾರ್ಕ್ ಕೃಷ್ಣಾಜಿಯ ಮುಂದೆ ತಾನೇ ಹೋಗಿ ನಿಂತಳು. "ಅರಿಷಿಣ ನಮಗ ಗೊತ್ತಿಲ್ಲೇನ್ರಿ? ತಿಕ್ಕಿ ತೊಳದ್ರ ಹೋಗ್ತದ. ಇದು ಹೋಗವಲ್ದು."

"ಖರೇ ಭಕ್ತಿ ತೊಳದ್ರ ಹೋಗಂಗಿಲ್ಲವಾ."

"ಗಾಯ ಯಾಕ ಮಾಯವಲ್ದು?"

"ಬರಿಗಾಲಿಲೆ ಗುಡ್ಡ ಹತ್ತಿರಬೇಕು."

ಕೃಷ್ಣಾಜಿ ಕೆಟ್ಟವನಲ್ಲ. ಮರುಕಪಟ್ಟು ನಿಯಮದ ಪುಸ್ತಕ ತೆರೆದು ನೋಡಿದ. "ಹಳದಿ ಕೈಲೆ ಮುಟ್ಟಿದ್ರ ಪೆಟ್ಟಿಗಿ ಹೊಲಸಾಗ್ತಾವ. ಬಣ್ಣ ಇಳಿಲಿ, ಆಮ್ಯಾಲೆ ಖಾತೆ ಬದಲಿ ಮಾಡೋಣಂತ."

ಬಣ್ಣ ಇಳಿಯಬೇಕಾದರೆ ಪುಡಿ ಬಿಡಬೇಕು, ಪುಡಿ ಬಿಡಬೇಕಾದರೆ ಬಣ್ಣ ಇಳಿಯಬೇಕು. ನಿಯಮದಲ್ಲಿ ಯಾವ ದೋಷವೂ ಇರಲಿಲ್ಲ.

ಆ ಮಳೆಗಾಲ ಕೆಲಸಗಾರರ ಚಾಳಿನ ಸಾಲುಮನೆಗಳಿಗೆಲ್ಲ ನೆಗಡಿ ಬಂತು. ಉಳಿದವರು ಕಷಾಯ ಕುಡಿದು ಎದ್ದರು, ಮಲಕಪ್ಪ ಏಳಲಿಲ್ಲ. ಕೆಟ್ಟ ಅನ್ಯಾಯದ ಸಾವು ಅದು. ಹಾಜರಿಯಲ್ಲಿ ಮಾತ್ರ "ಯಾತ್ರೆಗೆ ಹೋಗಿದ್ದಾನೆ" ಎಂದು ಬರೆದರು.

ಕಾರ್ಖಾನೆ ದಯೆ ತೋರಿ ಅವನ ಜಾಗವನ್ನು ಕಾಶವ್ವನಿಗೇ ಕೊಟ್ಟಿತು. ಹೊಟ್ಟೆಪಾಡು, ಹೋದಳು. ದೀಪಾವಳಿ ಕಳೆಯುವುದರೊಳಗೆ ಅವಳ ಕೈ, ಕೆನ್ನೆ ಹಳದಿಯಾದವು. ಗಂಡ ಸತ್ತವಳು ಅರಿಷಿಣ ಹಚ್ಚಿಕೊಂಡಿದ್ದಾಳೆಂದು ಚಾಳಿನ ಹೆಂಗಸರು ಗುಲ್ಲೆಬ್ಬಿಸಿದರು. ಹಿರಿಯಳಾದ ರಂಗೂಬಾಯಿ ಹೋಗಿ ಕೃಷ್ಣಾಜಿಗೆ ದೂರು ಕೊಟ್ಟಳು.

ಕಾರ್ಖಾನೆ ತಡಮಾಡಲಿಲ್ಲ: "ಪುಡಿ ಖೋಲಿಯ ವಿಧವೆಯರ ಅರಿಷಿಣವು ಸರಕಾರಿ ಅರಿಷಿಣವಾಗಿರುವುದರಿಂದ ಸಂಪ್ರದಾಯಕ್ಕೆ ಯಾವುದೇ ಭಂಗವಿಲ್ಲ."

ಸರಕಾರದ್ದೇ ಎಂದ ಮೇಲೆ ಯಾರಿಗೆ ತಕರಾರು? ಮುಂದಿನ ಶುಕ್ರವಾರ ರಂಗೂಬಾಯಿ ಅರಿಷಿಣ ಕುಂಕುಮಕ್ಕೆ ಕಾಶವ್ವನನ್ನೂ ಕರೆದಳು. ಅವಳು ಕೆಮ್ಮುತ್ತ ಬಂದು ಸಾಲಿನಲ್ಲಿ ಕೂತಳು. ಬಟ್ಟಲು ಹಿಡಿದು ಎದುರಿಗೆ ಬಂದ ರಂಗೂಬಾಯಿ ಅವಳ ಕೆನ್ನೆ ನೋಡಿ, "ನಿನಗ ಬ್ಯಾಡ ಬಿಡವಾ, ಸರಕಾರದವ್ರೇ ಹಚ್ಯಾರಲ್ಲ" ಎಂದು ಪಕ್ಕದವಳ ಕಡೆಗೆ ತಿರುಗಿದಳು.